ಹತ್ತಿ ಬಿಡಿಸುವ ಹುಡುಗಿಗೆ ಒಂದು ಒಣ ಅರಿವೆ

ಆಂಧ್ರದ ಆದೋನಿ, ಹೊಳಗುಂದ, ಹಾಲಹರ್ವಿ, ಕೌತಾಳಂ, ಕೋಸಿಗಿ ಕಡೆಯ ಕನ್ನಡ ಮಾತಿನ ಅಕ್ಕಂದಿರೇ, ಅಣ್ಣಂದಿರೇ,

ನಮ್ಮದು ಹತ್ತಿಯ ಸೀಮೆ. ಕಾಲ ಬಂತೆಂದರೆ ಆದೋನಿ ಯಾರ್ಡಿನ ತುಂಬ ಬಿಳಿ ರಾಶಿ, ಜಿನ್ನಿಂಗ್ ಮಿಲ್ಲುಗಳ ಸುತ್ತ ಗಾಳಿಯಲ್ಲೂ ಅರಳೆ. ಆ ಹತ್ತಿ ಬಿಡಿಸಿದ ಹುಡುಗಿ ಮಾತ್ರ ಮುಟ್ಟಿನ ದಿನಗಳಲ್ಲಿ ಅವ್ವನ ಹಳೇ ಸೀರೆಯ ಅರಿವೆ ಒಗೆದು, ಯಾರ ಕಣ್ಣಿಗೂ ಬೀಳದಂತೆ ಮೂಲೆಯಲ್ಲಿ, ಇನ್ನೊಂದು ಬಟ್ಟೆಯ ಅಡಿಗೆ ಹಾಕುತ್ತಾಳೆ. ಅದು ಒಣಗುವುದಿಲ್ಲ. ಹಸಿಯಾಗಿಯೇ ಮತ್ತೆ ಬಳಸುತ್ತಾಳೆ. ತುರಿಕೆ, ಉರಿ, ಸೋಂಕಿಗೆ ಅಷ್ಟು ಸಾಕು.

ಸರ್ಕಾರ ಏನೂ ಮಾಡಿಲ್ಲ ಎನ್ನಲಾರೆ. 2021ರ ಅಕ್ಟೋಬರ್‌ನಲ್ಲಿ ಆಂಧ್ರಪ್ರದೇಶದಲ್ಲಿ 'ಸ್ವೇಚ್ಛ' ಯೋಜನೆ ಬಂತು: ಸರ್ಕಾರಿ ಶಾಲೆ, ಕಾಲೇಜುಗಳ 7ರಿಂದ 12ನೇ ತರಗತಿಯ ಹುಡುಗಿಯರಿಗೆ ತಿಂಗಳಿಗೆ 10 ಪ್ಯಾಡ್ ಎಂದಾಯಿತು. ಒಳ್ಳೆಯದೇ. ಆದರೆ ಲೆಕ್ಕ ಹಾಕಿ. ಆರು ಗಂಟೆಗೊಮ್ಮೆ ಬದಲಿಸಿದರೆ ದಿನಕ್ಕೆ 4, ಐದು ದಿನಕ್ಕೆ 20. ಉಳಿದ ಹತ್ತಕ್ಕೆ ಅರಿವೆಯೇ ಗತಿ, ಇಲ್ಲವೇ ಒಂದೇ ಪ್ಯಾಡು ಬೆಳಗಿನಿಂದ ರಾತ್ರಿವರೆಗೆ. ಮೇಲಾಗಿ ಶಾಲೆಯ ಪ್ಯಾಡು ಶಾಲೆಗೆ ಬಂದವಳಿಗೆ. ಸುಗ್ಗಿಗೆಂದು ಅವ್ವ-ಅಪ್ಪನ ಜೊತೆ ತೆಲಂಗಾಣದ ಹತ್ತಿ ಹೊಲಕ್ಕೋ ಗುಂಟೂರಿನ ಮೆಣಸಿನಕಾಯಿ ಹೊಲಕ್ಕೋ ಗಾಡಿ ಹತ್ತಿದವಳಿಗೆ ಎಲ್ಲಿಯ ಪ್ಯಾಡು? ಗುಡಾರಕ್ಕೆ ಬಚ್ಚಲಿಲ್ಲ, ಹೊಲದಲ್ಲಿ ಮರೆಯಿಲ್ಲ. ಕತ್ತಲಾಗಲೆಂದು ಕಾಯುತ್ತ ನೀರು ಕುಡಿಯುವುದನ್ನೇ ಬಿಡುತ್ತಾಳೆ.

ಹಾಗಾಗಿ ಅರಿವೆಯನ್ನು ಹಳಿಯುವುದು ಬೇಡ. ಮೆತ್ತನೆಯ ನೂಲಿನ ಬಟ್ಟೆ, ಸೋಪು ಹಾಕಿ ಒಗೆದು, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿದರೆ ಅದೂ ಶುಚಿಯೇ. ನಮ್ಮಲ್ಲಿ ನೀರಿಗೆ ಬರ ಬಂದೀತು, ಬಿಸಿಲಿಗೇನು ಬರ? ಅಂಗಳದ ಹಗ್ಗದ ಮೇಲೆ ಗಂಡಸರ ಬನಿಯನ್ ರಾಜಾರೋಷವಾಗಿ ಒಣಗುತ್ತದೆ. ಅದರ ಪಕ್ಕ ಈ ಅರಿವೆಗೂ ಒಂದು ಗೇಣು ಜಾಗ ಕೊಡಿ.

ಮಗಳು ದೊಡ್ಡವಳಾದಳೆಂದು ಆರತಿ ಎತ್ತಿ ಊಟ ಹಾಕಿಸುತ್ತೇವೆ. ಮರುತಿಂಗಳೇ "ಹೊರಗಾಗ್ಯಾಳ, ಮುಟ್ಟಬ್ಯಾಡ್ರಿ" ಎನ್ನುತ್ತೇವೆ. ಕೊರಳಲ್ಲಿ ಇಷ್ಟಲಿಂಗ ಇರುವ ಮನೆಯಲ್ಲೂ ಈ ಮಾತು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ಶರಣರು ಬೇಡವೆಂದ ಐದು ಸೂತಕಗಳಲ್ಲಿ ಮುಟ್ಟಿನದೂ ಒಂದು ಎಂಬುದು ಮರೆತುಹೋಯಿತೇ?

ಅವ್ವಂದಿರೇ, ಮಗಳಿಗೆ ಹತ್ತು ತುಂಬುತ್ತಲೇ ಹೇಳಿ. ಮೊದಲ ಸಲ ರಕ್ತ ಕಂಡು ಏನೋ ಗಾಯವೆಂದು ಅವಳು ಒಬ್ಬಳೇ ನಡುಗಬಾರದು. ಆರೋಗ್ಯ ಸಹಾಯಕಿ (ಎ.ಎನ್.ಎಂ.) ತೆಲುಗಿನಲ್ಲಿ ಹೇಳಿದ್ದು ಕನ್ನಡ ಶಾಲೆಯ ಹುಡುಗಿಗೆ ತಿಳಿದೀತು; ನಾಚಿಕೆ ಬಿಟ್ಟು ತಿರುಗಿ ಕೇಳಲು ಮನೆಮಾತೇ ಬೇಕು. ಏಳು ದಿನ ದಾಟಿದರೂ ರಕ್ತ ಹೋಗುತ್ತಿದ್ದರೆ, ಗಂಟೆ ಎರಡು ಗಂಟೆಗೇ ಪ್ಯಾಡು ತೊಯ್ದರೆ, ಹದಿನಾರಾದರೂ ಮುಟ್ಟಾಗದಿದ್ದರೆ ಹರಕೆ ಹೊರುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣದ ಮಾತ್ರೆ ರಕ್ತಹೀನತೆಗೆ. ಅದನ್ನು ಕಿಟಕಿಯಾಚೆ ಎಸೆಯದಂತೆ ನೋಡಿಕೊಳ್ಳಿ.

ಕೊನೆಗೆ ಸುಗ್ಗಿಗೆ ಹೊರಡುವವರಿಗೆ ಒಂದು ಮಾತು. ಸಾಧ್ಯವಾದರೆ ಹುಡುಗಿಯನ್ನು ಅಜ್ಜಿಯ ಬಳಿಯೋ ಕಸ್ತೂರಬಾ ಬಾಲಿಕಾ ವಿದ್ಯಾಲಯದಲ್ಲೋ ಬಿಟ್ಟು ಹೋಗಿ. ಅವಳ ಓದೂ ಉಳಿಯುತ್ತದೆ. ಕರೆದೊಯ್ಯಲೇಬೇಕಾದರೆ ಗಂಟಿನಲ್ಲಿ ಆರೇಳು ಒಣ ಅರಿವೆ, ಎರಡು ಸೋಪು, ಒಂದು ಬಕೀಟು ಇರಲಿ. ಮೇಸ್ತ್ರಿಗಳೇ, ಗುಡಾರ ಹಾಕುವಾಗ ನಾಲ್ಕು ಗಳ ನೆಟ್ಟು ಹೆಣ್ಣುಮಕ್ಕಳಿಗೆ ಒಂದು ತಾಟಿನ ಮರೆ ಕಟ್ಟಿಕೊಡಿ.