ಫಾರ್ಮ್ಯಾಟ್ ಕೊನೇ ಮಾತಾಗ್ಲಿ, ಮೊದಲನೇದಲ್ಲ

(1/5)
ಉಬುಂಟು ಅಪ್‌ಗ್ರೇಡ್ ಅರ್ಧಕ್ಕೆ ನಿಂತು ಸ್ಕ್ರೀನ್ ಕಪ್ಪಾಯ್ತು ಅಂದ್ರೆ ಸಾಕು, ಸುತ್ತ ಇರೋ ಎಲ್ಲರ ಬಾಯಲ್ಲೂ ಒಂದೇ ಮಾತು: "ಫಾರ್ಮ್ಯಾಟ್ ಹೊಡ್ಸಿಬಿಡು." ಅಂಗಡಿಯವರೂ ಅದನ್ನೇ ಹೇಳ್ತಾರೆ, ಹಾಸ್ಟೆಲ್ ಸೀನಿಯರ್‌ಗಳೂ ಅದನ್ನೇ ಹೇಳ್ತಾರೆ. ಬಹಳಷ್ಟು ಸಲ ಅದು ತಪ್ಪು ಸಲಹೆ ಅಂತ ನನ್ನ ವಾದ. ಯಾಕೆ ಅಂತ ಪೂರ್ತಿ ಓದಿ.

ಈಗ ಯಾಕೆ ಈ ಮಾತು? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗೀತು. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಕೇಳುತ್ತೆ, ಎಷ್ಟೋ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಅದಿಲ್ಲ. ಅಣ್ಣನದೋ ಅಕ್ಕನದೋ ಹಳೇ ಲ್ಯಾಪ್‌ಟಾಪ್ ಪಾಲಿಗೆ ಬಂದಿರೋ ನಮ್ಮಂಥವರು ಲಿನಕ್ಸ್ ಕಡೆ ಬಂದಿದ್ದೀವಿ. ಹಾಕೋದು ಹೇಗೆ ಅಂತ ಹೇಳಿಕೊಡೋಕೆ ಬೇಕಾದಷ್ಟು ವಿಡಿಯೋ ಇವೆ. ಕೆಟ್ಟಾಗ ಕೈ ಹಿಡಿಯೋರು ಕಮ್ಮಿ.

(2/5)
ಕಾಮರ್ಸ್‌ನವರಿಗೆ ಇದು ಬೇಗ ಅರ್ಥ ಆಗುತ್ತೆ. ಉಬುಂಟು ಒಳಗೆ ಡಿಪಿಕೆಜಿ ಅಂತ ಒಬ್ಬ ಗುಮಾಸ್ತ ಇದ್ದಾನೆ. ಕಂಪ್ಯೂಟರ್‌ನಲ್ಲಿರೋ ಪ್ರತಿ ಪ್ಯಾಕೇಜಿಗೂ ಅವನ ಲೆಡ್ಜರ್‌ನಲ್ಲಿ ಒಂದು ಎಂಟ್ರಿ ಇರುತ್ತೆ: ಇದು ಪೂರ್ತಿ ಇನ್‌ಸ್ಟಾಲ್ ಆಗಿದೆ, ಇದು ಬರೀ ಬಿಚ್ಚಿಟ್ಟಿದೆ, ಇದರ ಕಾನ್ಫಿಗರ್ ಕೆಲಸ ಅರ್ಧ ಆಗಿದೆ ಅಂತ. ಅಪ್‌ಗ್ರೇಡ್ ಮಧ್ಯೆ ಕರೆಂಟ್ ಹೋದ್ರೆ ಏನಾಗುತ್ತೆ? ಡೆಬಿಟ್ ಬರೆದು ಕ್ರೆಡಿಟ್ ಬರೆಯೋ ಮುಂಚೆ ಪೆನ್ನು ಕೆಳಗಿಟ್ಟ ಹಾಗೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗಲ್ಲ, ಅಷ್ಟೇ.

ಟ್ಯಾಲಿ ಆಗ್ಲಿಲ್ಲ ಅಂತ ಯಾರಾದ್ರೂ ಲೆಕ್ಕದ ಪುಸ್ತಕ ಸುಡ್ತಾರಾ? ಸಸ್ಪೆನ್ಸ್ ಅಕೌಂಟಿಗೆ ಹಾಕಿ, ಎಲ್ಲಿ ಬಿಟ್ಟುಹೋಗಿದೆ ಅಂತ ಹುಡುಕ್ತೀವಿ. ಇಲ್ಲೂ ಅಷ್ಟೇ. ಇನ್ನೊಂದು ವಿಷಯ: ಅಪ್‌ಗ್ರೇಡ್ ಮುಟ್ಟೋದು ಸಿಸ್ಟಮ್ ಫೈಲುಗಳನ್ನ. ನಿಮ್ಮ ಫೋಟೋ, ಪ್ರಾಜೆಕ್ಟ್, ಪಿಡಿಎಫ್ ಎಲ್ಲಾ ಹೋಮ್ ಫೋಲ್ಡರ್‌ನಲ್ಲಿ ಇರುತ್ವೆ. ಸ್ಕ್ರೀನ್ ಕಪ್ಪಾಗಿದ್ರೂ ಅವು ಸಾಮಾನ್ಯವಾಗಿ ಇದ್ದಲ್ಲೇ ಇರ್ತವೆ.

(3/5)
ನಮ್ಮ ಕ್ಲಾಸಿನ ಒಬ್ಬಳ ಕತೆ ಕೇಳಿ. ಅಪ್ಪಂದು ಕಿರಾಣಿ ಅಂಗಡಿ. ಉದ್ರಿ ಲೆಕ್ಕ ಪೂರ್ತಿ ಅವಳೇ ಲಿಬ್ರೆಆಫೀಸ್ ಶೀಟ್‌ನಲ್ಲಿ ಇಟ್ಟಿದ್ಲು, ಯಾರು ಎಷ್ಟು ಕೊಡ್ಬೇಕು, ಯಾವತ್ತು ಎಷ್ಟು ಕೊಟ್ರು ಅಂತ. ಅಪ್‌ಗ್ರೇಡ್ ನಡೀತಿದ್ದಾಗ ಕರೆಂಟ್ ಹೋಯ್ತು, ಲ್ಯಾಪ್‌ಟಾಪ್ ಬ್ಯಾಟರಿ ಸತ್ತು ವರ್ಷ ಆಗಿತ್ತು. ರಿಪೇರಿ ಅಂಗಡಿಗೆ ಕೊಟ್ಲು. ಸಂಜೆ ಹೊಸದರ ಥರ ಓಡೋ ಲ್ಯಾಪ್‌ಟಾಪ್ ವಾಪಸ್ ಬಂತು, ಉದ್ರಿ ಪಟ್ಟಿ ಬರ್ಲಿಲ್ಲ. "ಒಳಗೆ ಏನಾದ್ರೂ ಬೇಕಾ" ಅಂತ ಯಾರೂ ಕೇಳಿರ್ಲಿಲ್ಲ. ಅವರಪ್ಪ ಆಮೇಲೆ ನೆನಪಿದ್ದಷ್ಟು ಬರ್ಕೊಂಡು, ಉಳಿದದ್ದು ಗಿರಾಕಿಗಳ ಮನಸ್ಸಾಕ್ಷಿಗೆ ಬಿಟ್ರು.

ಅಂಗಡಿಯವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಫಾರ್ಮ್ಯಾಟ್‌ಗೆ ಎಷ್ಟು ಹೊತ್ತು ಬೇಕು ಅಂತ ಅವರಿಗೆ ಗೊತ್ತು, ರೇಟೂ ಫಿಕ್ಸ್. ತಪ್ಪು ಹುಡುಕೋಕೆ ಹತ್ತು ನಿಮಿಷನೂ ಆಗ್ಬಹುದು, ಅರ್ಧ ದಿನನೂ ಆಗ್ಬಹುದು. ವ್ಯಾಪಾರದ ದೃಷ್ಟಿಯಿಂದ ಅವರ ಲೆಕ್ಕ ಸರಿ. ಆದ್ರೆ ಆ ಲೆಕ್ಕದಲ್ಲಿ ನಿಮ್ಮ ಫೈಲಿನ ಬೆಲೆ ಸೊನ್ನೆ. ಅದಕ್ಕೆ ಬೆಲೆ ಕಟ್ಟಬೇಕಾದವರು ನೀವೇ.

(4/5) ಸೇವ್ ಮಾಡ್ಕೊಳ್ಳಿ
ಹಾಗಾದ್ರೆ ಏನು ಮಾಡ್ಬೇಕು? ಇದೇ ಕ್ರಮದಲ್ಲಿ ಹೋಗಿ.

ಒಂದು: ನಿಂತ ಹಾಗೆ ಕಂಡ ಕೂಡಲೇ ಪವರ್ ಬಟನ್ ಒತ್ಬೇಡಿ. ಎಷ್ಟೋ ಸಲ ಅದು ನಿಮ್ಮ ಉತ್ತರಕ್ಕೆ ಕಾಯ್ತಿರುತ್ತೆ. ಹಳೇ ಸೆಟ್ಟಿಂಗ್ ಫೈಲ್ ಉಳಿಸ್ಲಾ, ಹೊಸದು ಹಾಕ್ಲಾ ಅನ್ನೋ ಪ್ರಶ್ನೆ ವಿಂಡೋ ಹಿಂದೆ ಅಡಗಿರುತ್ತೆ.

ಎರಡು: ಮೊದಲು ಫೈಲ್, ಆಮೇಲೆ ರಿಪೇರಿ. ಗೆಳೆಯರ ಕಂಪ್ಯೂಟರ್‌ನಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ಉಬುಂಟು ಹಾಕಿಸ್ಕೊಳ್ಳಿ, ರೂಫಸ್ ಥರದ ಸಾಫ್ಟ್‌ವೇರ್ ಸಾಕು. ಅದರಿಂದ ಬೂಟ್ ಮಾಡಿ "ಟ್ರೈ ಉಬುಂಟು" ಆರಿಸಿ. "ಇನ್‌ಸ್ಟಾಲ್" ಮುಟ್ಟಬೇಡಿ. ಡಿಸ್ಕ್ ತೆರೆದು ಹೋಮ್ ಫೋಲ್ಡರನ್ನ ಇನ್ನೊಂದು ಡ್ರೈವ್‌ಗೆ ಕಾಪಿ ಮಾಡಿ. ಪರ್ಮಿಷನ್ ಇಲ್ಲ ಅಂದ್ರೆ ಹೆದರ್ಬೇಡಿ. 21.04ರಿಂದ ಹೊಸದಾಗಿ ಹಾಕಿದ ಉಬುಂಟುವಿನಲ್ಲಿ ಬೇರೆ ಯೂಸರ್‌ಗಳಿಗೆ ಹೋಮ್ ಫೋಲ್ಡರ್ ತೆರೆಯಲ್ಲ. ಟರ್ಮಿನಲ್‌ನಲ್ಲಿ "ಸುಡೋ" ಹಾಕಿ ಕಾಪಿ ಮಾಡಿದ್ರೆ ಬರುತ್ತೆ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ರೆ ಅದರ ಪಾಸ್‌ವರ್ಡ್ ಕೇಳುತ್ತೆ.

ಮೂರು: ಪೆನ್‌ಡ್ರೈವ್ ತೆಗೆದು ಮಾಮೂಲಿಯಾಗಿ ಆನ್ ಮಾಡಿ. ಸ್ಕ್ರೀನ್ ಕಪ್ಪಾಗೇ ಇದ್ರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಅಕ್ಷರಗಳ ಲಾಗಿನ್ ಬಂದ್ರೆ ಸಿಸ್ಟಮ್ ಬದುಕಿದೆ, ಕೈಕೊಟ್ಟಿರೋದು ಬಹುಶಃ ಗ್ರಾಫಿಕ್ಸ್ ಮಾತ್ರ. (ಪಾಸ್‌ವರ್ಡ್ ಟೈಪ್ ಮಾಡುವಾಗ ಏನೂ ಕಾಣಲ್ಲ, ಅದು ಹಾಗೇ.) ಅದೂ ಬರ್ಲಿಲ್ಲ ಅಂದ್ರೆ ಆನ್ ಆಗುವಾಗ ಎಸ್ಕೇಪ್ ಒತ್ತಿ, ಹಳೇ ಮಷಿನ್ ಆದ್ರೆ ಶಿಫ್ಟ್. ಗ್ರಬ್ ಮೆನುವಿನ "ಅಡ್ವಾನ್ಸ್ಡ್ ಆಪ್ಷನ್ಸ್"ನಲ್ಲಿ ಹಳೇ ಕರ್ನಲ್ ಸಾಮಾನ್ಯವಾಗಿ ಇನ್ನೂ ಇರುತ್ತೆ, ಅದನ್ನ ಆರಿಸಿ ನೋಡಿ. ಅಲ್ಲೇ ರಿಕವರಿ ಮೋಡ್ ಇದೆ, ಅದರೊಳಗೆ ಮುರಿದ ಪ್ಯಾಕೇಜ್ ಸರಿಮಾಡೋ ಡಿಪಿಕೆಜಿ ಆಯ್ಕೆನೂ ಇದೆ.

ನಾಲ್ಕು: ಲಾಗಿನ್ ಸಿಕ್ಕಿದ್ಮೇಲೆ ಬಾಕಿ ಎಂಟ್ರಿ ಮುಗ್ಸಿ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡ್ಬೇಕಾದ್ದು ಇವು. "ಡಿಎಫ್ -ಎಚ್": ಡಿಸ್ಕ್‌ನಲ್ಲಿ ಜಾಗ ಇದ್ಯಾ ನೋಡೋಕೆ. ತುಂಬಿದ್ರೆ "ಸುಡೋ ಎಪಿಟಿ ಕ್ಲೀನ್". ಆಮೇಲೆ "ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ", ಅಂದ್ರೆ ಗುಮಾಸ್ತನಿಗೆ ಬಾಕಿ ಕೆಲಸ ಮುಗ್ಸು ಅಂತ ಹೇಳೋದು. ನಂತರ "ಸುಡೋ ಎಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್". ಕೊನೆಗೆ ಅಪ್‌ಡೇಟ್, ಫುಲ್-ಅಪ್‌ಗ್ರೇಡ್, ರೀಸ್ಟಾರ್ಟ್.

(5/5)
"ಫಾರ್ಮ್ಯಾಟೇ ಬೇಡ ಅಂತೀಯಾ?" ಅಂತ ಕೇಳ್ಬಹುದು. ಹಾಗಲ್ಲ. ಇಷ್ಟೆಲ್ಲಾ ಮಾಡಿದ್ರೂ ಬರ್ಲಿಲ್ಲ ಅಂದ್ರೆ ಹೊಸದಾಗಿ ಹಾಕೋದೇ ಜಾಣತನ, ಫೈಲ್ ಹೇಗೂ ಕೈಲಿದೆ. ಕಾಪಿ ಮಾಡುವಾಗಲೇ ಇನ್‌ಪುಟ್/ಔಟ್‌ಪುಟ್ ಎರರ್ ಬಂದ್ರೆ ಡಿಸ್ಕೇ ಹಾಳಾಗ್ತಿರಬಹುದು. ಆಗ ರಿಪೇರಿ ನಿಲ್ಸಿ, ಸಿಕ್ಕಷ್ಟು ಫೈಲ್ ತೆಗೀರಿ.

"ನಾಳೆ ಸಬ್ಮಿಷನ್, ಇದಕ್ಕೆಲ್ಲ ಟೈಮ್ ಎಲ್ಲಿದೆ?" ಅನ್ನೋದು ನ್ಯಾಯವಾದ ಪ್ರಶ್ನೆ. ಉತ್ತರ ಅದೇ ಪೆನ್‌ಡ್ರೈವ್. ಅದರಲ್ಲಿ ಫೈರ್‌ಫಾಕ್ಸ್ ಓಡುತ್ತೆ. ಫೈಲ್ ಹುಡುಕಿ ಮೇಲ್ ಮಾಡಿ ಮಲಗಿ, ರಿಪೇರಿ ಭಾನುವಾರ ನೋಡ್ಕೊಳ್ಳಿ.

ಇನ್ನು ಅಪ್‌ಗ್ರೇಡ್‌ಗೆ ಅವಸರ ಯಾಕೆ? 2022ರ ಏಪ್ರಿಲ್‌ನಲ್ಲಿ ಬಂದ 22.04ಕ್ಕೆ 5 ವರ್ಷದ ಸಪೋರ್ಟ್ ಇದೆ, ಅಂದ್ರೆ 2027ರವರೆಗೆ. 24.04 ಬಂತು ಅಂತ ಇಂಟರ್ನಲ್ಸ್ ವಾರದಲ್ಲಿ ಬಟನ್ ಒತ್ತೋ ದರ್ದು ಯಾರಿಗೂ ಇಲ್ಲ. ಡೌನ್‌ಲೋಡ್ ಆಗುವಾಗ ಹಾಟ್‌ಸ್ಪಾಟ್ ಕಟ್ ಆದ್ರೆ ದೊಡ್ಡ ತೊಂದರೆ ಇಲ್ಲ, ಇನ್‌ಸ್ಟಾಲ್ ಆಗುವಾಗ ಕರೆಂಟ್ ಹೋದ್ರೇನೇ ಕಷ್ಟ. ಬ್ಯಾಟರಿ ಸತ್ತಿದ್ರೆ ಯುಪಿಎಸ್ ಇರೋ ಜಾಗದಲ್ಲಿ ಮಾಡಿ.

ರಿಪೇರಿಗೆ ಕೊಡೋದೇ ಆದ್ರೆ ಲ್ಯಾಪ್‌ಟಾಪ್ ಟೇಬಲ್ ಮೇಲಿಡೋ ಮುಂಚೆ ಒಂದು ವಾಕ್ಯ ಹೇಳಿ: "ಅಣ್ಣಾ, ಮೊದಲು ಹೋಮ್ ಫೋಲ್ಡರ್ ಕಾಪಿ ಮಾಡಿ, ಆಮೇಲೆ ಏನಾದ್ರೂ ಮಾಡಿ." ಕಾಪಿ ಆಗಲ್ಲ ಅಂದ್ರೆ ಲ್ಯಾಪ್‌ಟಾಪ್ ಎತ್ಕೊಂಡು ಬನ್ನಿ.

ಅಪ್‌ಗ್ರೇಡ್ ಮಾಡೋಕೆ ಹೊರಟಿರೋ ಒಬ್ಬರಿಗಾದ್ರೂ ಇದನ್ನ ಕಳ್ಸಿ. ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಸ್ಕ್ರೀನ್ ಮೇಲೆ ಬಂದ ಎರರನ್ನ ಹಾಗೇ ಕಾಮೆಂಟ್‌ನಲ್ಲಿ ಹಾಕಿ, ಸೇರಿ ನೋಡೋಣ.

#ಕನ್ನಡದಲ್ಲಿಟೆಕ್ #ಲಿನಕ್ಸ್ #ಉಬುಂಟು #ಬಿಕಾಂಹುಡುಗ್ರು