ಬಡ್ತಿ ಎಲ್ಲಿಂದ ಬಂತು?

ಜಯನಗರ ನಾಲ್ಕನೇ ಬ್ಲಾಕಿನ ಗೆಳೆಯರೊಬ್ಬರ ಮನೆಯ ಮಹಡಿಯಲ್ಲಿ ನಾವು ಹತ್ತು ಹನ್ನೆರಡು ಮಂದಿ ತಿಂಗಳಿಗೊಮ್ಮೆ ಸೇರುತ್ತೇವೆ. ಒಬ್ಬರು ಒಂದು ಪುಸ್ತಕದ ಬಗ್ಗೆ ಮಾತಾಡಬೇಕು. ಉಳಿದವರು ಕಾಫಿ ಕುಡಿಯುತ್ತ ತಪ್ಪು ಹುಡುಕಬೇಕು. ಒಮ್ಮೆ ನನ್ನ ಸರದಿ ಬಂದಾಗ ರಾಹುಲ್ ಭಟ್ಟಾಚಾರ್ಯರ ಮೊದಲ ಕಾದಂಬರಿಯ ಬಗ್ಗೆ ಹೇಳಿದೆ. ಹಿರಿಯರೊಬ್ಬರು ತಲೆದೂಗಿ, ‘ಪರವಾಗಿಲ್ಲವೆ! ಕ್ರಿಕೆಟ್ ಬರೆಯುತ್ತಿದ್ದವನಿಗೆ ಸಾಹಿತ್ಯಕ್ಕೆ ಬಡ್ತಿ ಸಿಕ್ಕಿತು’ ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಬಡ್ತಿ ಎಲ್ಲಿಂದ ಬಂತು ಸ್ವಾಮಿ? ಮುಂಬಯಿಯಲ್ಲಿ ಹುಟ್ಟಿದ ಈ ವರದಿಗಾರ 2004ರಲ್ಲಿ ಭಾರತ ತಂಡದ ಬೆನ್ನುಹತ್ತಿ ಪಾಕಿಸ್ತಾನ ಸುತ್ತಿ, ಮರುವರ್ಷ ‘ಪಂಡಿಟ್ಸ್ ಫ್ರಮ್ ಪಾಕಿಸ್ತಾನ್’ ಎಂಬ ಪುಸ್ತಕ ಬರೆದರು. ಗಯಾನಾವನ್ನು ಮೊದಲು ಕಂಡದ್ದೂ ಕ್ರಿಕೆಟ್ ವರದಿಗೆಂದು ಹೋದಾಗಲೇ. ಆಮೇಲೆ ಅಲ್ಲಿಗೇ ಹೋಗಿ ಹತ್ತಿರ ಹತ್ತಿರ ಒಂದು ವರ್ಷ ಇದ್ದರು. 2011ರ ‘ದ ಸ್ಲೈ ಕಂಪನಿ ಆಫ್ ಪೀಪಲ್ ಹೂ ಕೇರ್’ ಹುಟ್ಟಿದ್ದು ಆ ವಾಸದಿಂದ; ಅದರ ನಾಯಕನೂ ಕ್ರಿಕೆಟ್ ವರದಿಗಾರನಾಗಿದ್ದವನೇ. ಅದಕ್ಕೆ ಅದೇ ವರ್ಷ ‘ದಿ ಹಿಂದೂ’ ಸಾಹಿತ್ಯ ಪ್ರಶಸ್ತಿ, 2012ರಲ್ಲಿ ಇಂಗ್ಲೆಂಡಿನ ಒಂಡಾಟ್ಜಿ ಪ್ರಶಸ್ತಿ ಬಂತು. ಸೋತವನ ಮುಖ ನೋಡುವುದು, ಗ್ಯಾಲರಿಯ ಬೈಗುಳ ಕೇಳುವುದು, ಪರವೂರಿನಲ್ಲಿ ಒಂಟಿಯಾಗಿ ಕಾಯುವುದು – ಕಾದಂಬರಿಕಾರನಿಗೆ ಇದಕ್ಕಿಂತ ಒಳ್ಳೆಯ ಗರಡಿ ಯಾವುದಿದೆ?

ನಮ್ಮಲ್ಲಿ ವಸ್ತುವಿಗೇನು ಬರವೇ? ಪೋಲಿಯೊ ತಗುಲಿ ಸೊರಗಿದ ಬಲಗೈಯಿಂದಲೇ ಮೈಸೂರಿನ ಬಿ.ಎಸ್. ಚಂದ್ರಶೇಖರ್ 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತರು. ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಅದು ಮೊದಲ ಟೆಸ್ಟ್ ಗೆಲುವು. ಅದೇ ಚಂದ್ರಶೇಖರ್ ಫೀಲ್ಡಿಂಗ್ ಮಾಡುವಾಗ ಚೆಂಡನ್ನು ಎಡಗೈಯಿಂದ ಎಸೆಯುತ್ತಿದ್ದರು. ಒಂದೇ ಮೈಯ ಈ ಎರಡು ಕೈಗಳಲ್ಲಿ ಒಂದು ಕಾದಂಬರಿ ಇಲ್ಲವೇ? ಹದಿನೈದು ವರ್ಷ ಬಿಡದೆ ರಣಜಿ ಟ್ರೋಫಿ ಗೆದ್ದಿದ್ದ ಬಾಂಬೆಯನ್ನು ಕರ್ನಾಟಕ 1974ರ ಸೆಮಿಫೈನಲಿನಲ್ಲಿ ಬೆಂಗಳೂರಿನಲ್ಲೇ ತಡೆಯಿತು. ಪ್ರಸನ್ನರ ಚೆಂಡಿಗೆ ಗಾವಸ್ಕರ್ ಬೌಲ್ಡ್ ಆದದ್ದನ್ನು ಕಂಡವರು ಇಂದಿಗೂ ಅದನ್ನು ಹೇಳುವಾಗ ಕುರ್ಚಿಯ ತುದಿಗೆ ಬರುತ್ತಾರೆ.

ವರದಿಗಾರರ ತಪ್ಪೇ ಇಲ್ಲವೆಂದಲ್ಲ. ಗೆದ್ದರೆ ‘ಜಯಭೇರಿ’, ಸೋತರೆ ‘ಮುಖಭಂಗ’; ನಡುವೆ ಮನುಷ್ಯ ಎಲ್ಲಿ? ಆದರೆ ಅರ್ಧ ಕಾಲಂ ಜಾಗ ಕೊಟ್ಟು, ಸ್ಕೋರು ತಪ್ಪದಿದ್ದರೆ ಸಾಕು ಎಂದವರು ಯಾರು? ಗುಮಾಸ್ತೆಯ ಕೆಲಸ ಮಾಡಿಸಿಕೊಂಡು, ಆತ ಕಲಾವಿದನಲ್ಲ ಎಂದು ಮೂಗು ಮುರಿಯುವುದು ಯಾವ ನ್ಯಾಯ?

ಅಂದ ಹಾಗೆ ಆ ಹಿರಿಯರನ್ನು ಬೆಳಗಿನ ಹೊತ್ತು ಮಾಧವನ್ ಪಾರ್ಕಿನ ಬೆಂಚಿನ ಮೇಲೆ ನೋಡುತ್ತಿರುತ್ತೇನೆ. ಪೇಪರ್ ಕೈಗೆ ಬಂದೊಡನೆ ಅವರು ಮೊದಲು ತೆರೆಯುವುದು ಆಟದ ಪುಟವನ್ನೇ.