ಬೀಟೆ ನಮ್ಮದು, ಚುಕ್ಕಿ ಮಾತ್ರ ಪ್ಲಾಸ್ಟಿಕ್ಕು

ಗಿಟಾರಿನ ಕತ್ತಿನ ಮೇಲೆ ಬೆರಳೂರುವ ಉದ್ದನೆಯ ಪಟ್ಟಿಯಲ್ಲಿ (ಫಿಂಗರ್‌ಬೋರ್ಡು) 3, 5, 7, 9, 12ನೇ ಫ್ರೆಟ್ಟುಗಳ ಹತ್ತಿರ ಚುಕ್ಕಿಗಳಿರುತ್ತವೆ. ಬಹಳಷ್ಟು ಗಿಟಾರುಗಳಲ್ಲಿ ಆ ಪಟ್ಟಿ ಬೀಟೆಯದು. ಹೊರದೇಶದ ಕಂಪನಿಗಳು ತಮ್ಮ ಕ್ಯಾಟಲಾಗುಗಳಲ್ಲಿ ‘ಇಂಡಿಯನ್ ರೋಸ್‌ವುಡ್’ ಎಂದು ಹೆಮ್ಮೆಯಿಂದ ಬರೆದುಕೊಳ್ಳುವುದು ಕೊಡಗು, ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ಈ ಮರವನ್ನೇ. ಆದರೆ ಅದರ ಮೇಲೆ ಕೂರಿಸಿದ ಚುಕ್ಕಿಗಳು ಸಾಮಾನ್ಯವಾಗಿ ಮುತ್ತಿನ ಹೊಳಪು ಕೊಟ್ಟ ಪ್ಲಾಸ್ಟಿಕ್. ಇನ್ನೂ ಅಲಂಕಾರ ಬೇಕೆಂದವರಿಗೆ ಅಂಗಡಿಯವರು ಸ್ಟಿಕ್ಕರ್ ಮಾರುತ್ತಾರೆ. ಮರದಲ್ಲಿ ಮರ ಕೂರಿಸುವ ಎರಡು ದೊಡ್ಡ ಪರಂಪರೆಗಳು ಇರುವ ದೇಶದಲ್ಲಿ ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಾನು ಬೆಳೆದದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಇನ್‌ಲೇ ಕೆಲಸದವರ ನಡುವೆ. ಬೀಟೆ ಹಲಗೆಯ ಮೇಲೆ ಬಗ್ಗಿ ಕೂತವರು ಹಲಸಿನ ಹಳದಿ ಚೂರನ್ನು ತೆಳು ಗರಗಸದಲ್ಲಿ ಕೊಯ್ದು ಆನೆಯ ಅಂಬಾರಿಗೋ ತೆಂಗಿನ ಗರಿಗೋ ಹೊಂದಿಸುವುದನ್ನು ನೋಡುತ್ತಲೇ ದೊಡ್ಡವನಾದೆ. ಹೊಟ್ಟೆಪಾಡು ನನ್ನನ್ನು ವಡೋದರಾಕ್ಕೆ ತಂದಿತು. ಗಿಟಾರ್ ರಿಪೇರಿ ಮತ್ತು ಗಿರಾಕಿ ಕೇಳಿದ ವಿನ್ಯಾಸವನ್ನು ಫಿಂಗರ್‌ಬೋರ್ಡಿನಲ್ಲಿ ಕೂರಿಸಿಕೊಡುವುದು ಈಗ ನನ್ನ ಕಸುಬು. ಈ ಅಲಂಕಾರದ ಕೆಲಸವನ್ನು ಯಂತ್ರದಲ್ಲಿ ಕೊಯ್ದ ಪ್ಲಾಸ್ಟಿಕ್ಕಿಗೆ ಬಿಟ್ಟುಕೊಡದೆ ಸೂರತ್ ಮತ್ತು ಮೈಸೂರಿನ ಕೈಗಳಿಗೆ ಕೊಡಬೇಕು ಎಂಬುದು ನನ್ನ ವಾದ. ಕರುಣೆಯಿಂದ ಹೇಳುತ್ತಿಲ್ಲ, ಕೆಲಸ ಬಲ್ಲವನಾಗಿ ಹೇಳುತ್ತಿದ್ದೇನೆ.

ಸೂರತ್ತಿನ ಕೆಲಸಕ್ಕೆ ಸಾದೇಲಿ ಎಂದು ಹೆಸರು. ಪರ್ಷಿಯಾದಿಂದ ಬಂದ ಕಲೆಯೆಂದು ಹೇಳುತ್ತಾರೆ. 19ನೇ ಶತಮಾನದಲ್ಲಿ ಕುಶಲಕರ್ಮಿಗಳು ಮುಂಬಯಿಗೂ ಹೋದರು. ಬ್ರಿಟಿಷರ ಮನೆಗಳಲ್ಲಿ ‘ಬಾಂಬೆ ಬಾಕ್ಸ್’ ಎಂದೇ ಪ್ರಸಿದ್ಧವಾದ ಗಂಧದ ಪೆಟ್ಟಿಗೆಗಳ ಮೇಲಿರುವುದು ಇದೇ ಕೆಲಸ. ಈಗ ಸೂರತ್ತಿನಲ್ಲಿ ಇದನ್ನು ಮಾಡುವ ಕುಟುಂಬಗಳು ಬೆರಳೆಣಿಕೆಯಷ್ಟು.

ಮೈಸೂರಿನವರು ಚಿತ್ರದ ಒಂದೊಂದು ತುಂಡನ್ನೂ ಬೇರೆ ಬೇರೆಯಾಗಿ ಕೊಯ್ದು ಕೂರಿಸುತ್ತಾರೆ. ಸಾದೇಲಿಯ ದಾರಿ ಬೇರೆ. ಕಪ್ಪು, ಬಿಳಿ, ಕೆಂಪು ಮರಗಳನ್ನು ಮೊದಲು ಉದ್ದನೆಯ ಸಣ್ಣ ಕಡ್ಡಿಗಳಾಗಿ ಹೆರೆದುಕೊಳ್ಳಬೇಕು. ಕೆಲವು ಮೂರು ಮೂಲೆಯವು, ಕೆಲವು ಆರು ಮೂಲೆಯವು. ಅವನ್ನು ಒತ್ತೊತ್ತಾಗಿ ಜೋಡಿಸಿ, ಅಂಟು ಹಾಕಿ, ದಾರ ಬಿಗಿದು ಒಂದು ಕಟ್ಟು ಮಾಡುತ್ತಾರೆ. ಅಂಟು ಒಣಗಿದ ಮೇಲೆ ಕಟ್ಟನ್ನು ಬಾಳೆದಿಂಡು ಹೆಚ್ಚಿದ ಹಾಗೆ ಅಡ್ಡಕ್ಕೆ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತಾರೆ. ಪ್ರತಿ ಬಿಲ್ಲೆಯಲ್ಲೂ ಅದೇ ನಕ್ಷತ್ರ, ಅದೇ ಹೂ. ಸ್ಪೇನಿನ ಗಿಟಾರ್ ತಯಾರಕರು ನಾದರಂಧ್ರದ ಸುತ್ತ ಕೂರಿಸುವ ಮೊಸಾಯಿಕ್ ಉಂಗುರವನ್ನೂ ಹೀಗೆಯೇ ಮಾಡುತ್ತಾರೆ: ಕಡ್ಡಿ ಜೋಡಿಸಿ, ಕಟ್ಟು ಮಾಡಿ, ಅಡ್ಡ ಕೊಯ್ಯುವುದು. ಗಿಟಾರಿಗೂ ಸಾದೇಲಿಗೂ ಸಂಬಂಧ ಕಲ್ಪಿಸುವ ಶ್ರಮವನ್ನು ನಾವು ಪಡಬೇಕಾಗಿಯೇ ಇಲ್ಲ.

ಸೂರತ್ತಿನ ಒಬ್ಬ ಹಿರಿಯರ ಬಳಿ ನಾನು ಬಿಲ್ಲೆ ತರುತ್ತೇನೆ. ಅವರು ಪೆಟ್ಟಿಗೆಗೆಂದು ಕೊಯ್ಯುವ ಬಿಲ್ಲೆ ಬಹಳ ತೆಳು. ‘ಕಾಕಾ, ನನಗೆ ಮೂರು ಮಿಲಿಮೀಟರ್ ದಪ್ಪ ಬೇಕು’ ಎಂದಾಗ ‘ಅಷ್ಟು ದಪ್ಪ ಯಾಕಪ್ಪಾ, ಮರ ದಂಡ’ ಎಂದರು. ಗಿಟಾರಿನ ಕತ್ತನ್ನು ಅವರ ಕೈಗಿಟ್ಟೆ. ಹೆಬ್ಬೆರಳಿನಿಂದ ಅಡ್ಡಕ್ಕೆ ಸವರಿ ನೋಡಿದವರೇ ‘ಓ, ಇದು ಡೊಂಕು’ ಎಂದರು. ಅವರಿಗೆ ಮತ್ತೇನೂ ಹೇಳಬೇಕಾಗಲಿಲ್ಲ.

ಫಿಂಗರ್‌ಬೋರ್ಡು ನೋಡಲು ಚಪ್ಪಟೆ, ನಿಜಕ್ಕೂ ಅಡ್ಡಕ್ಕೆ ಉಬ್ಬಿರುತ್ತದೆ. 12 ಇಂಚು ತ್ರಿಜ್ಯದ ಉಬ್ಬಿನಲ್ಲಿ ನಡುವಿನಿಂದ 20 ಮಿ.ಮೀ. ಆಚೆ ಸರಿದರೆ ಮೇಲ್ಮೈ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಇಳಿದಿರುತ್ತದೆ. ಸಮತಟ್ಟಾದ ಗುಳಿಯಲ್ಲಿ ಚಪ್ಪಟೆ ಬಿಲ್ಲೆ ಕೂರಿಸಿ ಉಬ್ಬಿಗೆ ಸರಿಯಾಗಿ ಉಜ್ಜಿದರೆ ಅಂಚಿನಲ್ಲಿ ಅಷ್ಟೂ ಸವೆದು ಹೋಗುತ್ತದೆ. ತೆಳು ಬಿಲ್ಲೆಯಾದರೆ ಅಂಚಿನ ನಕ್ಷತ್ರಗಳು ಮಾಯ. ಇತ್ತ ಗುಳಿಯನ್ನು ಬೇಕಾದಷ್ಟು ಆಳ ಮಾಡುವ ಹಾಗೂ ಇಲ್ಲ. ಪಟ್ಟಿಯ ದಪ್ಪವೇ ಸುಮಾರು 6 ಮಿ.ಮೀ.; ಅದರಲ್ಲಿ ಫ್ರೆಟ್ಟು ಕೂರುವ ಸೀಳುಗಳೂ ಇವೆ.

ದೂಳಿನ ಸಮಸ್ಯೆ ಇದಕ್ಕಿಂತ ಕಷ್ಟದ್ದು. ಅಡ್ಡ ಕೊಯ್ದ ಬಿಲ್ಲೆಯಲ್ಲಿ ಮರದ ರಂಧ್ರಗಳೆಲ್ಲ ಮೇಲ್ಮುಖವಾಗಿ ಬಾಯಿ ತೆರೆದಿರುತ್ತವೆ. ಬೀಟೆಯನ್ನು ಉಜ್ಜುವಾಗ ಏಳುವ ಕಂದು ಪುಡಿ ಬಿಳಿ ಮರದ ಆ ರಂಧ್ರಗಳಲ್ಲಿ ಇಳಿದು ಬಿಳುಪನ್ನೆಲ್ಲ ಮಂಕು ಮಾಡುತ್ತದೆ. ಅದಕ್ಕೆ ಮೊದಲೇ ಬಿಲ್ಲೆಗೆ ತೆಳುವಾದ ಅರಗಿನ ಪಾಲಿಶ್ ಕುಡಿಸಬೇಕು. ಸ್ಯಾಂಡ್ ಪೇಪರಿಗೆ ಕೈ ಹಾಕದೆ ಉಕ್ಕಿನ ಪಟ್ಟಿಯಿಂದ ಹೆರೆಯಬೇಕು, ಕೊನೆಯ ನಯಕ್ಕಷ್ಟೇ ಕಾಗದ. ವಡೋದರಾದ ಮೇ ತಿಂಗಳ ಒಣ ಬಿಸಿಲಿಗೆ ಮರ ಕುಗ್ಗುತ್ತದೆ, ಆಗಸ್ಟಿನ ತೇವಕ್ಕೆ ಉಬ್ಬುತ್ತದೆ. ಆದ್ದರಿಂದ ಒಂದೇ ಅಗಲವಾದ ತುಂಡಿಗಿಂತ ಸಣ್ಣ ತುಂಡುಗಳೇ ಬಾಳಿಕೆ ಬರುತ್ತವೆ. ಮುಂದೆ ಇಪ್ಪತ್ತು ವರ್ಷ ಬೆವರಿನ ಬೆರಳು ಓಡಾಡುವ ಜಾಗ ಅದು, ಗೋಡೆಗೆ ನೇತುಹಾಕುವ ಚಿತ್ರವಲ್ಲ. ಈ ವಿವೇಚನೆ ಮರದೊಂದಿಗೆ ಬದುಕಿದ ಕೈಗೆ ಗೊತ್ತು. ಯಂತ್ರ ಗುಳಿ ತೋಡಲಿ, ನನ್ನ ತಕರಾರಿಲ್ಲ. ನಾನೂ ರೂಟರ್ ಬಳಸುತ್ತೇನೆ. ಆದರೆ ಗುಳಿಗೆ ಏನು ತುಂಬಬೇಕು, ಅದರ ಎಳೆ ಯಾವ ಕಡೆಗಿರಬೇಕು ಎನ್ನುವುದನ್ನು ಕೈಯೇ ಹೇಳಬೇಕು.

ಸಂಗೀತದಲ್ಲಿ ಮೈಸೂರಿಗೂ ಗುಜರಾತಿಗೂ ನಂಟು ಹಳೆಯದು. ವಡೋದರಾದಲ್ಲಿ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1886ರಲ್ಲಿ ಶುರುವಾದ ಸಂಗೀತ ಶಾಲೆಯನ್ನು ಕಟ್ಟಿದ ಮೌಲಾ ಬಕ್ಷ್ ಅದಕ್ಕೂ ಮುಂಚೆ ಮೈಸೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದು ಬಂದವರು. ಇನ್‌ಲೇ ಕೆಲಸವೂ ಗುಜರಾತಿಗೆ ಹಳೆಯದೇ. ಅಹಮದಾಬಾದಿನಲ್ಲಿ ಸೂಫಿ ಸಂತ ಷಾ ಆಲಂ ಅವರ ಗೋರಿಯ ಮೇಲೆ 17ನೇ ಶತಮಾನದ ಆರಂಭದ ಮರದ ಮಂಟಪವಿದೆ, ಅದರ ತುಂಬ ಮುತ್ತುಚಿಪ್ಪಿನ ಇನ್‌ಲೇ. ಅಬುಲ್ ಫಜಲ್ ಕೂಡ ‘ಐನ್-ಇ-ಅಕ್ಬರಿ’ಯಲ್ಲಿ ಗುಜರಾತಿನವರ ಚಿಪ್ಪಿನ ಪೆಟ್ಟಿಗೆ, ಮಸಿದಾನಿಗಳನ್ನು ಮೆಚ್ಚಿದ್ದಾನೆ. ಇಂದು ದೊಡ್ಡ ಗಿಟಾರ್ ಕಂಪನಿಗಳು ಚಿಪ್ಪಿನ ಇನ್‌ಲೇ ಇದ್ದರೆ ಅದನ್ನೇ ಮುಂದಿಟ್ಟು ಬೆಲೆ ಏರಿಸುತ್ತವೆ. ನಾನೂರು ವರ್ಷದ ಹಿಂದೆಯೇ ಅದನ್ನು ಕರಗತ ಮಾಡಿಕೊಂಡಿದ್ದ ನಾಡಿನಲ್ಲಿ ಗಿಟಾರ್ ಕೊಳ್ಳುವ ಹುಡುಗರಿಗೆ ಸ್ಟಿಕ್ಕರೇ ಗತಿಯೆ?

ಇನ್‌ಲೇಗೆ ಹಿಂದೆ ಬಳಸುತ್ತಿದ್ದ ದಂತವನ್ನು ಬಿಟ್ಟದ್ದು ಒಳ್ಳೆಯದೇ ಆಯಿತು. ಭಾರತದ ಆನೆದಂತದ ವ್ಯಾಪಾರಕ್ಕೆ 1986ರಲ್ಲಿ, ಆಫ್ರಿಕಾದ ದಂತದ ವ್ಯಾಪಾರಕ್ಕೆ 1991ರಲ್ಲಿ ಕಾನೂನು ತಡೆ ಬಿತ್ತು. ಸಂಕಟವೇನೆಂದರೆ ಅದರ ಜಾಗಕ್ಕೆ ಮೈಸೂರಿನಲ್ಲೂ ಸೂರತ್ತಿನಲ್ಲೂ ಪ್ಲಾಸ್ಟಿಕ್ ಬಂದು ಕೂತಿತು. ಹಲಸು, ಸಂಪಿಗೆಯಂಥ ಬಣ್ಣದ ಮರಗಳೇ ಸಾಕು, ಬಿಳಿಗೆ ಪ್ಲಾಸ್ಟಿಕ್ಕೇ ಆಗಬೇಕೆಂದಿಲ್ಲ.

ಬೀಟೆಯ ವಿಷಯದಲ್ಲಿ ಕಾನೂನು ಈಗ ಸ್ವಲ್ಪ ಅನುಕೂಲಕರವಾಗಿಯೂ ಇದೆ. ಬೀಟೆಯ ಕುಲವನ್ನೆಲ್ಲ 2017ರ ಜನವರಿಯಲ್ಲಿ ಅಪಾಯದಲ್ಲಿರುವ ಮರ-ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ ‘ಸೈಟಿಸ್’ನ ನಿಯಂತ್ರಣಕ್ಕೆ ತಂದಾಗ ಗಿಟಾರ್ ತಯಾರಕರು ಕಂಗಾಲಾಗಿದ್ದರು. 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ, ಅವುಗಳ ಸಿದ್ಧ ಭಾಗಗಳಿಗೆ ವಿನಾಯಿತಿ ಸಿಕ್ಕಿತು. ಅಂದರೆ ಇಲ್ಲಿಯೇ ಇನ್‌ಲೇ ಮಾಡಿ ಮುಗಿಸಿದ ಫಿಂಗರ್‌ಬೋರ್ಡನ್ನು ಹೊರದೇಶಕ್ಕೆ ಮಾರಲು ದಾರಿಯಿದೆ. ಬರೀ ಪಟ್ಟಿ ಕಳಿಸಿದರೆ ಮರದ ಬೆಲೆ ಸಿಗುತ್ತದೆ, ಕೆಲಸ ಮಾಡಿ ಕಳಿಸಿದರೆ ಕೈಯ ಬೆಲೆ ಸಿಗುತ್ತದೆ. ಕಾಡಿನಲ್ಲಿ ಕಡಿಮೆಯಾಗುತ್ತಿರುವ ಮರಕ್ಕೆ ನಾವು ಕೊಡಬಹುದಾದ ಮರ್ಯಾದೆಯೂ ಇದೇ: ಕಡಿಮೆ ಮರ, ಹೆಚ್ಚು ಕೆಲಸ.

ಮೈಸೂರು ಬೀಟೆ ಇನ್‌ಲೇಗೆ 2005-06ರಲ್ಲೇ ಜಿಐ (ಭೌಗೋಳಿಕ ಗುರುತು) ಮಾನ್ಯತೆ ದೊರಕಿತು, ಸೂರತ್ತಿನ ಸಾದೇಲಿಗೆ ಈಚೆಗೆ. ಬಿರುದು ಬಂತು, ಆರ್ಡರ್ ಬರಬೇಕಲ್ಲ! ಸರ್ಕಾರಿ ಎಂಪೋರಿಯಮ್ಮುಗಳು ಆನೆ, ಪೆಟ್ಟಿಗೆ, ಗೋಡೆಚಿತ್ರಗಳ ಜೊತೆಗೆ ಕೊಯ್ದಿಟ್ಟ ಇನ್‌ಲೇ ತುಂಡುಗಳನ್ನೂ 3 ಮಿ.ಮೀ. ಬಿಲ್ಲೆಗಳನ್ನೂ ವಾದ್ಯ ತಯಾರಕರಿಗೆ ಮಾರಾಟಕ್ಕಿಡಲಿ. ಇದಕ್ಕೆ ಹೊಸ ಯೋಜನೆ ಬೇಡ, ಒಂದು ಕಪಾಟು ಸಾಕು. ಬೆಂಗಳೂರಿನಲ್ಲಿ ಕೈಯಿಂದ ಗಿಟಾರ್ ಮಾಡುವವರಿದ್ದಾರೆ, ಮೈಸೂರಿನಲ್ಲಿ ವೀಣೆ ಮಾಡುವವರಿದ್ದಾರೆ. ಅವರೇ ಮೊದಲ ಗಿರಾಕಿಗಳಾಗಬಹುದು.

ಗಿಟಾರ್ ಮಾಡಿಸುವವರಿಗೆ ನನ್ನದೊಂದು ವಿನಂತಿ. ಚುಕ್ಕಿ ಯಾವುದರಿಂದ ಮಾಡಿದ್ದು ಎಂದು ಕೇಳಿ. ಮರದ್ದೇ ಬೇಕೆಂದು ಹೇಳಿ, ಅದಕ್ಕೆ ಒಂದು ವಾರ ಹೆಚ್ಚು ಕಾಯಿರಿ, ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಕೂರಿಸಿದವರ ಹೆಸರನ್ನು ಗಿಟಾರಿನ ಒಳಗಿನ ಚೀಟಿಯಲ್ಲಿ ಬರೆಸಿಕೊಳ್ಳಿ.